ಲೂಯಿ ಬ್ರೈಲ್: ಜೀವನ ಪರಿಚಯ

ಅಂಧರ ಸ್ಪರ್ಶಲಿಪಿಯ ಜನಕರಾದ ಲೂಯಿ ಬ್ರೈಲ್ ಅವರು ದಿನಾಂಕ 04-01-1809ರಂದು ಪ್ಯಾರಿಸ್ ಸಮೀಪದ ಗ್ರಾಮವೊಂದರಲ್ಲಿ ಜನಿಸಿದರು. ಮೂರನೆಯ ವಯಸ್ಸಿನಲ್ಲಿ, ಕುದುರೆಯ ಜೀನು ತಯಾರಿಸುತ್ತಿದ್ದ ತಂದೆಯ ಕಾರ್ಯಾಗಾರದಲ್ಲಿ, ಚರ್ಮ ಚುಚ್ಚುವ ಉಪಕರಣ ತಗುಲಿ ಒಂದು ಕಣ್ಣು ಗಾಯಗೊಂಡಿತು. ಸೋಂಕು ಹರಡಿ ಎರಡೂ ಕಣ್ಣುಗಳ ದೃಷ್ಟಿ ನಷ್ಟವಾಯಿತು.

1819ರಲ್ಲಿ ಅವರು ಪ್ಯಾರಿಸ್‌ನ ಅಂಧರ ಶಾಲೆಗೆ ಸೇರಿದರು. ಅಲ್ಲಿದ್ದ ಉಬ್ಬಕ್ಷರದ ಪುಸ್ತಕಗಳನ್ನು ಪ್ರಯಾಸದಿಂದ ಓದಬಹುದಿತ್ತು. ಆ ಕ್ರಮದಲ್ಲಿ ಸ್ವತಃ ಬರೆಯುವುದು ಅಸಾಧ್ಯವೇ ಆಗಿತ್ತು. ಸೇನಾಧಿಕಾರಿ ಬಾರ್ಬಿಯೇ ರೂಪಿಸಿದ್ದ 12 ಚುಕ್ಕಿಗಳ ಕ್ರಮವನ್ನು ಬ್ರೈಲ್ ಅವರು ಬೆರಳ ತುದಿಗೆ ಒಮ್ಮೆಲೇ ನಿಲುಕುವ 6 ಚುಕ್ಕಿಗಳಿಗೆ ಇಳಿಸಿದರು. ಆಗ ಅವರ ವಯಸ್ಸು ಕೇವಲ 15. 1829ರಲ್ಲಿ ಲಿಪಿ ಪ್ರಕಟವಾಯಿತು. ಅದೇ ಶಾಲೆಯಲ್ಲಿ ಶಿಕ್ಷಕರಾಗಿದ್ದರೂ, ಶಾಲೆಯು ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ. ಅವರು 06-01-1852ರಂದೇ ನಿಧನರಾಗಿದ್ದರು.

ಭಾರತದಲ್ಲಿ ಬಹುಕಾಲ ಹಲವು ಬ್ರೈಲ್ ಕ್ರಮಗಳಿದ್ದವು. ಭಾರತ ಸರ್ಕಾರದ ಕೋರಿಕೆಯ ಮೇರೆಗೆ ಯುನೆಸ್ಕೊ ಸಂಸ್ಥೆಯು ನೆರವಾಗಿ, 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡಿತು. ಇದರಂತೆ ಕನ್ನಡದ ‘ಕ’ಕಾರಕ್ಕೂ ತೆಲುಗಿನ ‘ಕ’ಕಾರಕ್ಕೂ ಚುಕ್ಕಿಗಳು ಒಂದೇ. ತೆಲಂಗಾಣದ ಗಡಿಗೆ ಹೊಂದಿಕೊಂಡ ಸೇಡಂ, ಚಿಂಚೋಳಿ ತಾಲ್ಲೂಕುಗಳಿಗೆ ಇದು ಸಣ್ಣ ಅನುಕೂಲವಲ್ಲ.

ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯು ಸ್ವತಂತ್ರ ಜೀವನವನ್ನೂ, 32ನೇ ವಿಧಿಯು ಅಂತರರಾಷ್ಟ್ರೀಯ ಸಹಕಾರವನ್ನೂ ಕುರಿತದ್ದಾಗಿದೆ. ಅದಕ್ಕನುಗುಣವಾಗಿ 2016ರ ಅಧಿನಿಯಮ ಜಾರಿಯಾಗಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯ ಅರ್ಹ ನಾಗರಿಕರು ವಿಶಿಷ್ಟ ಗುರುತಿನ ಚೀಟಿಗಾಗಿ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಗ್ರಾಮೀಣ ಅರ್ಜಿದಾರರು ತಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದಾಗಿದೆ.