ಚಂದ್ರನ ಮೇಲೆ 60 ಕೆಜಿ ಹತ್ತಾಗೋದು ಯಾಕೆ? ಹಾಗೆ ಕೇಳೋದನ್ನ ಕಲಿಸಿದ ಹೊಸೂರಿನ ಎಚ್ಚೆನ್

ಚಿಕ್ಕಬಳ್ಳಾಪುರ: ಹುಣ್ಣಿಮೆ ದಿನ ಸ್ಕಂದಗಿರಿ ನೆತ್ತಿ ಮೇಲೆ ಚಂದ್ರ ಬಂದು ನಿಂತರೆ, ಬೆಟ್ಟ ಹತ್ತಿದರೆ ಕೈಗೆ ಸಿಗ್ತಾನೇನೋ ಅನ್ನಿಸುತ್ತೆ. ಅಲ್ಲಿ ಮನುಷ್ಯನ ತೂಕ ಆರನೇ ಒಂದು ಭಾಗಕ್ಕೆ ಇಳಿಯುತ್ತೆ ಅಂತ ಶಾಲೆಯಲ್ಲಿ ಎಲ್ಲರೂ ಓದಿರ್ತಾರೆ. ಯಾಕೆ ಅಂತ ಕೇಳಿದವರು ಕಮ್ಮಿ. ಹಾಗೆ ಕೇಳೋದನ್ನೇ ಬದುಕು ಮಾಡಿಕೊಂಡ ಫಿಸಿಕ್ಸ್ ಮೇಷ್ಟ್ರು ಈ ಜಿಲ್ಲೆಯವರೇ. ಗೌರಿಬಿದನೂರು ತಾಲ್ಲೂಕು ಹೊಸೂರಿನ ಡಾ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್.

1920ರ ಜೂನ್ 6ರಂದು ಬಡ ಕುಟುಂಬದಲ್ಲಿ ಹುಟ್ಟಿದರು. ಊರಿನ ಶಾಲೆ ಮುಗಿದ ಮೇಲೆ ಮುಂದೆ ಓದೋಕೆ ದಾರಿ ಇರಲಿಲ್ಲ. 1935ರಲ್ಲಿ ನಡೆದುಕೊಂಡೇ ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಈ ಹಳ್ಳಿ ಹುಡುಗನೇ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು, ಓದು ಬಿಟ್ಟು ಜೈಲಿಗೂ ಹೋದರು. ಆಮೇಲೆ ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ ಮಾಡಿ ವಾಪಸ್ ಬಂದು ಅದೇ ಕಾಲೇಜಿಗೆ ಪ್ರಿನ್ಸಿಪಾಲರಾದರು.

ಆ ಕಾಲದಲ್ಲೇ, 1969ರ ಜುಲೈನಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಯಾನಿಗಳು ತೊಟ್ಟ ಉಡುಪು, ಬೆನ್ನಿನ ಪೆಟ್ಟಿಗೆ ಸೇರಿ ಇಲ್ಲಿ ಸುಮಾರು 90 ಕೆಜಿ. ಅಲ್ಲಿ 15 ಕೆಜಿಯಷ್ಟೇ ಭಾರ. ಚಂದ್ರನ ದ್ರವ್ಯ ಭೂಮಿಯ 81ರಲ್ಲಿ ಒಂದು ಪಾಲು. ಹಾಗಾದರೆ ತೂಕವೂ 81ರಲ್ಲಿ ಒಂದಾಗಬೇಕಿತ್ತಲ್ಲ? ಆಗಲ್ಲ. ಚಂದ್ರ ಚಿಕ್ಕವನು, ಅವನ ನೆಲ ನಡುವಿಗೆ ಹತ್ತಿರ, ಅದಕ್ಕೇ ಸೆಳೆತ ಅಷ್ಟೊಂದು ಇಳಿಯಲ್ಲ.

ಅಂಗಡಿಯವರಿಗೆ ಇನ್ನೊಂದು ಮಜಾ ಇದೆ. 60 ಕೆಜಿ ಮೂಟೆಯನ್ನು ಚಂದ್ರನ ಮೇಲೆ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರೆ 10 ತೋರಿಸುತ್ತೆ. ಹಳೇ ಕಾಲದ ಎರಡು ತಟ್ಟೆ ತಕ್ಕಡಿಗೆ ಹಾಕಿದರೆ 60ಕ್ಕೆ 60ಏ! ಯಾಕೆಂದರೆ ಬಟ್ಟೂ ಅಷ್ಟೇ ಹಗುರವಾಗಿರುತ್ತೆ. ಮೂಟೆಯ ಒಳಗಿನ ರಾಗಿ ಒಂದು ಕಾಳೂ ಕಮ್ಮಿಯಾಗಿರಲ್ಲ. ಸ್ಕಂದಗಿರಿ ಹತ್ತಿದರೂ ತೂಕ ಕೆಲವೇ ಗ್ರಾಂ ಇಳಿಯುತ್ತೆ, ಬೆವರಿನಲ್ಲಿ ಹೋಗೋದೇ ಜಾಸ್ತಿ.

ಇಂಥ ವಿಷಯ ಜನಕ್ಕೆ ಮುಟ್ಟಲಿ ಅಂತಲೇ ಎಚ್ಚೆನ್ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ದರು. ವಾರ ವಾರ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದಿತ್ತು.

ಪಾಠದ ಪ್ರಶ್ನೆ ಊರಿನ ನಂಬಿಕೆಗೆ ತಿರುಗಿದಾಗ ಮಾತ್ರ ಗಲಾಟೆ ಆಯಿತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿ ಮಾಡಿದರು. ಎದುರಿಗೆ ಪವಾಡ ಮಾಡಿ ತೋರಿಸಿ ಅಂತ ಪುಟ್ಟಪರ್ತಿಯ ಸತ್ಯಸಾಯಿ ಬಾಬಾಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಅಂಗೈಯಲ್ಲಿ ಮುಚ್ಚಿಡೋ ಅಷ್ಟು ಸಣ್ಣ ವಸ್ತುಗಳೇ ಯಾಕೆ, ಕುಂಬಳಕಾಯಿ ಯಾಕಿಲ್ಲ ಅನ್ನೋದು ಅವರ ಪ್ರಶ್ನೆ. ಭಕ್ತರು ಸಿಟ್ಟಾದರು, ಪತ್ರಿಕೆಗಳಲ್ಲಿ ಪರ ವಿರೋಧ ಜೋರಾಯಿತು. ಎಚ್ಚೆನ್ ಪ್ರಶ್ನೆ ವಾಪಸ್ ತಗೊಳ್ಳಲಿಲ್ಲ. ಬಾಬಾ ಭಕ್ತರು ಇವತ್ತಿಗೂ ತುಂಬಿರೋ ಈ ಸೀಮೆಯಲ್ಲಿ ಅದಕ್ಕೆ ಎಷ್ಟು ಧೈರ್ಯ ಬೇಕು ಅಂತ ಬೇರೆ ಹೇಳಬೇಕಿಲ್ಲ.

ಮದುವೆಯಾಗಲಿಲ್ಲ. ಖಾದಿ ಬಟ್ಟೆ, ನ್ಯಾಷನಲ್ ಕಾಲೇಜು ಹಾಸ್ಟೆಲಿನ ಒಂದು ರೂಮು, ಅದರಲ್ಲೇ ಬದುಕು. ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ತೆರೆಸಿದರು. ಓದೋಕೆ ಅಂತ ಹೊಸೂರಿನಿಂದ ಬೆಂಗಳೂರಿಗೆ ನಡೆಯೋ ಕಾಲ ಅಲ್ಲಿಗೆ ಮುಗಿಯಿತು. 2005ರ ಜನವರಿ 31ರಂದು ತೀರಿಕೊಂಡಾಗ ಅವರಿಗೆ 84 ವರ್ಷ.