ಇಕ್ಕೇರಿಯ ವೆಂಕಟಪ್ಪ ನಾಯಕ ಮತ್ತು ಮೆಣಸಿನ ರಾಯಭಾರ

ಪೂರ್ವ ಏಷ್ಯದ ಚರಿತ್ರೆಯನ್ನು ಓದುವಾಗ ರಾಯಭಾರಗಳ ಮಾತು ಮೇಲಿಂದ ಮೇಲೆ ಬರುತ್ತದೆ. 1592ರಿಂದ 1598ರವರೆಗೆ ಜಪಾನಿನ ಸೈನ್ಯಗಳು ಕೊರಿಯವನ್ನು ಸೂರೆಗೊಂಡವು. ಅಷ್ಟಾದ ಮೇಲೂ 1607, 1617, 1624ರಲ್ಲಿ ಕೊರಿಯದ ದೊರೆಗಳು ಜಪಾನಿಗೆ ರಾಯಭಾರಿಗಳನ್ನು ಕಳುಹಿಸಿ, ಸೆರೆಹೋದ ತಮ್ಮ ಪ್ರಜೆಗಳನ್ನು ಮರಳಿ ಕರೆತರುವ ಪ್ರಯತ್ನ ಮಾಡಿದರು. ನಡುವೆ ತ್ಸುಷಿಮಾ ಎಂಬ ಪುಟ್ಟ ದ್ವೀಪ. ವ್ಯಾಪಾರ ನಿಂತರೆ ಅಲ್ಲಿಯವರಿಗೆ ಅನ್ನವಿಲ್ಲ. ಆದುದರಿಂದ ಅಲ್ಲಿಯ ಪ್ರಭುಗಳು ಎರಡೂ ಆಸ್ಥಾನಗಳ ಪತ್ರಗಳನ್ನು ಗುಟ್ಟಾಗಿ ತಿದ್ದಿ, ಇಬ್ಬರಿಗೂ ಒಪ್ಪಿಗೆಯಾಗುವಂತೆ ಮಾಡುತ್ತಿದ್ದರಂತೆ! ಇದನ್ನು ಓದಿದಾಗ ನನಗೆ ನಗುವೂ ಬಂದಿತು, ಒಂದು ಪ್ರಶ್ನೆಯೂ ಹುಟ್ಟಿತು. ಅದೇ ವರ್ಷಗಳಲ್ಲಿ ನಮ್ಮ ಬೆಟ್ಟಗಳ ಬಳಿಗೆ ಯಾರು ಬರುತ್ತಿದ್ದರು, ಏನನ್ನು ಬೇಡುತ್ತಿದ್ದರು?

ಕನ್ನಡನಾಡಿಗೆ ರಾಯಭಾರ ಹೊಸದೇನೂ ಅಲ್ಲ. ವಿಜಯನಗರದ ಬುಕ್ಕರಾಯನು 1374ರಲ್ಲಿ ಚೀನದ ಮಿಂಗ್ ಚಕ್ರವರ್ತಿಯ ಬಳಿಗೇ ದೂತರನ್ನು ಕಳುಹಿಸಿದ್ದನು. ಆದರೆ ನನ್ನ ಪ್ರಶ್ನೆಗೆ ಉತ್ತರ ದೊರೆತುದು ಅಷ್ಟು ದೂರದಲ್ಲಲ್ಲ, ಸಾಗರದ ಸಮೀಪದ ಇಕ್ಕೇರಿಯಲ್ಲಿ. ಅಲ್ಲಿ ಆಗ ಆಳುತ್ತಿದ್ದವನು ಕೆಳದಿಯ ಹಿರಿಯ ವೆಂಕಟಪ್ಪ ನಾಯಕ.

ಕೆಳದಿಯ ನಾಯಕರು ಮೊದಲು ವಿಜಯನಗರದ ಸಾಮಂತರು. 1565ರ ಯುದ್ಧದಲ್ಲಿ ಆ ಸಾಮ್ರಾಜ್ಯದ ಬೆನ್ನೆಲುಬು ಮುರಿದ ಮೇಲೆ ಹೆಸರಿಗೆ ಮಾತ್ರ ಅಧೀನರಾಗಿ ಉಳಿದರು. ವೆಂಕಟಪ್ಪನು ಆ ಶತಮಾನ ಮುಗಿಯುವ ಮುನ್ನವೇ ಪಟ್ಟವೇರಿ 1629ರವರೆಗೂ ಆಳಿದನು. ಅವನು ಗೆದ್ದ ಊರುಗಳ ಪಟ್ಟಿ ಉದ್ದವಾದುದು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿ ಬೇಕಾದವರು ನೋಡಿಕೊಳ್ಳಬಹುದು. ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಕಳಸ-ಕಾರ್ಕಳದ ಭೈರರಸರನ್ನು ಸೋಲಿಸಿ ಅವರ ರಾಜ್ಯವನ್ನು ತನ್ನ ಅಂಕೆಗೆ ತಂದುಕೊಂಡನು. ವೀರಶೈವನಾದ ಅವನೇ ಅದ್ವೈತಿಗಳ ಶೃಂಗೇರಿ ಮಠಕ್ಕೆ ಭೂಮಿಕಾಣಿಗಳನ್ನು ಬಿಟ್ಟು ಅದನ್ನು ಮರಳಿ ಊರ್ಜಿತಗೊಳಿಸಿದನು. ಭಟ್ಟೋಜಿ ದೀಕ್ಷಿತನಂತಹ ಮಹಾವೈಯಾಕರಣನಿಗೂ ಅವನ ಆಶ್ರಯವಿದ್ದಿತು.

ಕಳಸವನ್ನು ಏಕೆ ಹಿಡಿಯಬೇಕಾಗಿತ್ತು? ನಾನು ಕಳಸದ ಕಡೆಯವನಾದುದರಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಂದು ನಮ್ಮ ಕಡೆಯ ತೋಟಗಳನ್ನು ನೋಡಿದವರಿಗೆ ಕಾಫಿಯೇ ಯಜಮಾನ, ನೆರಳುಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಅದರ ಆಶ್ರಿತ ಎನಿಸುತ್ತದೆ. ಆದರೆ ಕಾಫಿ ಇಲ್ಲಿ ದೊಡ್ಡ ಬೆಳೆಯಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ವೆಂಕಟಪ್ಪನ ಕಾಲದಲ್ಲಿ ಪಟ್ಟ ಮೆಣಸಿನದು. ಘಟ್ಟದ ಮೆಣಸು ಎತ್ತಿನ ಹೇರುಗಳ ಮೇಲೆ ಕಣಿವೆಗಳನ್ನಿಳಿದು ಬಸರೂರು, ಭಟ್ಕಳ, ಹೊನ್ನಾವರ, ಮಂಗಳೂರುಗಳನ್ನು ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಕಳಸದಿಂದ ಕುದುರೆಮುಖದ ಮಗ್ಗುಲಾಗಿ ಇಳಿದರೆ ಕಾರ್ಕಳ, ಕಾರ್ಕಳದಿಂದ ಮುಂದೆ ಸಮುದ್ರ. ಭೈರರಸರ ರಾಜ್ಯವೆಂದರೆ ಘಟ್ಟದ ಮೇಲೊಂದು ಕಾಲು, ಕೆಳಗೊಂದು ಕಾಲು ಇಟ್ಟು ನಿಂತ ರಾಜ್ಯ. ಉತ್ತರದಲ್ಲಿ ಗೇರುಸೊಪ್ಪೆಯೂ ಹಾಗೆಯೇ. ಅಲ್ಲಿಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆಯುತ್ತಿದ್ದರು. ಇವೆರಡನ್ನೂ ವೆಂಕಟಪ್ಪನು ತೆಗೆದುಕೊಂಡನು. ನನ್ನ ದೃಷ್ಟಿಯಲ್ಲಿ ಅವನ ದಂಡಯಾತ್ರೆಗಳ ದಾರಿಯೂ ಮೆಣಸಿನ ಹೇರುಗಳ ದಾರಿಯೂ ಬಹುಮಟ್ಟಿಗೆ ಒಂದೇ.

ಆದರೆ ದಾರಿಯ ಕೊನೆಯಲ್ಲಿ ಪೋರ್ಚುಗೀಸರಿದ್ದರು. 1568-69ರಲ್ಲಿಯೇ ಅವರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಕಟ್ಟಿಕೊಂಡಿದ್ದರು. ಅವರ ರಹದಾರಿಪತ್ರವಿಲ್ಲದೆ ಸಮುದ್ರಕ್ಕಿಳಿದ ಹಡಗನ್ನು ಸುಲಿಯುತ್ತಿದ್ದರು. ಹೀಗೆ ನೀರು ಅವರ ಕೈಯಲ್ಲಿ, ಬಳ್ಳಿ ಇವನ ಕೈಯಲ್ಲಿ. ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯದು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಇಂತಹ ಎಡೆಯಲ್ಲಿಯೇ ರಾಯಭಾರ ಹುಟ್ಟುವುದು.

ಜಗಳಕ್ಕೆ ಕಾರಣನಾದವನು ಮಂಗಳೂರಿನ ಬಳಿಯ ಬಂಗರಸ. ಅವನಿಗೂ ಉಳ್ಳಾಲದ ರಾಣಿಗೂ ಮದುವೆಯಾಗಿ ಮುರಿದಿತ್ತು. ಬಂಗನು ಪೋರ್ಚುಗೀಸರ ನೆರವು ಬೇಡಿದನು, ರಾಣಿ ವೆಂಕಟಪ್ಪನನ್ನು ಕರೆದಳು. ಕರೆದುದೇ ತಡ, ವೆಂಕಟಪ್ಪನ ಸೈನ್ಯ ಘಟ್ಟವಿಳಿಯಿತು. 1618ರಲ್ಲಿ ಬಂಗನ ಪಕ್ಷ ವಹಿಸಿ ಬಂದ ಪೋರ್ಚುಗೀಸರು ಸೋತರು, ಬಂಗನು ರಾಜ್ಯ ಕಳೆದುಕೊಂಡನು. ಸೋತವರು ಸುಮ್ಮನಾಗುವಂತಿರಲಿಲ್ಲ, ಗೋವೆಗೆ ಮೆಣಸು ಬೇಕಾಗಿತ್ತು. ಕಾಳಗವನ್ನು ಮುಂದುವರಿಸುವಂತೆಯೂ ಇರಲಿಲ್ಲ. 1622ರಲ್ಲಿ ಹೊರ್ಮುಜ್ ಅವರ ಕೈತಪ್ಪಿತ್ತು, ಲಿಸ್ಬನ್ನಿನಿಂದ ಬರಬೇಕಾದ ಹಡಗುಗಳನ್ನು ಡಚ್ಚರೂ ಇಂಗ್ಲಿಷರೂ ನಡುದಾರಿಯಲ್ಲಿ ತಡೆಯುತ್ತಿದ್ದರು. ಹಡಗಿಲ್ಲವೆಂದರೆ ಹಣವಿಲ್ಲ.

ಆದುದರಿಂದ 1623ರ ಅಕ್ಟೋಬರಿನಲ್ಲಿ ಗೋವೆಯ ವೈಸರಾಯನು ಜೋವಾಂ ಫರ್ನಾಂಡಿಸ್ ಲೈತಾಂವ್ ಎಂಬವನನ್ನು ಇಕ್ಕೇರಿಗೆ ಕಳುಹಿಸಿದನು. ಜೊತೆಯಲ್ಲಿ ಹೊರಟವನು ವಿಠಲ ಶೆಣೈ. ಈತ ವೆಂಕಟಪ್ಪನ ಪರವಾಗಿ ಗೋವೆಗೆ ಹೋಗಿದ್ದ ರಾಯಭಾರಿ, ಈಗ ಹಿಂದಿರುಗುತ್ತಿದ್ದನು. ಇವರೊಡನೆ ದೇಶ ನೋಡುವ ಆಸೆಯಿಂದ ಹೊರಟವನೊಬ್ಬ ರೋಮ್ ನಗರದ ಶ್ರೀಮಂತ, ಪಿಯೆತ್ರೊ ದೆಲ್ಲಾ ವಾಲೆ. ಆತ ಊರಿಗೆ ಬರೆದ ಪತ್ರಗಳು ಉಳಿದಿರುವುದರಿಂದಲೇ ವೆಂಕಟಪ್ಪ ನಾಯಕನು ನಮಗೆ ಬರಿಯ ಬಿರುದಾವಳಿಯಾಗಿ ಅಲ್ಲದೆ ಮನುಷ್ಯನಾಗಿ ಕಾಣಿಸುತ್ತಾನೆ.

ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಬಂದರು. ಮೆಣಸಿನ ರಾಣಿಯ ಪಟ್ಟಣ ಆಗಲೇ ಹಾಳುಬಿದ್ದು ಮರಗಿಡಗಳು ಬೆಳೆದಿದ್ದವು. ಗೆದ್ದವನ ಅರಮನೆಗೆ ಹೋಗುವ ದಾರಿಯಲ್ಲಿ ಸೋತವಳ ಊರು! ವೆಂಕಟಪ್ಪನನ್ನು ಹೊಗಳುವವರು ಈ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂದೆ ಘಟ್ಟ ಹತ್ತುವಾಗ ಒಂದು ದೇವಾಲಯದ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಂಕಿಗಳನ್ನು ಬರೆದು, ರಾಗವಾಗಿ ಒಪ್ಪಿಸುತ್ತ ಲೆಕ್ಕ ಕಲಿಯುತ್ತಿದ್ದರು. ಕಾಗದ ಬೇಡ, ಮಸಿ ಬೇಡ. ರೋಮಿನವನಿಗೆ ಅದು ಬಹಳ ಹಿಡಿಸಿತು.

ಇಕ್ಕೇರಿಯಲ್ಲಿ ರಾಯಭಾರಿಗೆ ಮರ್ಯಾದೆಯೇನೂ ಕಡಿಮೆಯಾಗಲಿಲ್ಲ. ಬಿಡಾರ ದೊರೆಯಿತು, ಆಸ್ಥಾನದಲ್ಲಿ ಕುಳಿತುಕೊಳ್ಳಲು ಅವಕಾಶ ದೊರೆಯಿತು, ತಾಂಬೂಲ ದೊರೆಯಿತು. ದೊರೆಯದುದು ಕೇಳಲು ಬಂದ ವಸ್ತು. ಬಂಗನಿಗೆ ರಾಜ್ಯವನ್ನು ಹಿಂದಕ್ಕೆ ಕೊಡಿರೆಂದು ಪೋರ್ಚುಗೀಸರ ಬೇಡಿಕೆ. ಮೆಣಸಿನ ಹಣ ಎಲ್ಲಿ ಎಂದು ನಾಯಕನ ಪ್ರಶ್ನೆ. ಆ ವರ್ಷ ಪೋರ್ಚುಗಲ್ಲಿನಿಂದ ಹಡಗು ಬಂದಿಲ್ಲವೆಂಬುದು ಇಕ್ಕೇರಿಗೆ ಚೆನ್ನಾಗಿ ತಿಳಿದಿತ್ತು. ಗೋವೆಯಲ್ಲಿ ಶೆಣೈಯಂತಹ ಕಣ್ಣಿರುವಾಗ ತಿಳಿಯದೆ ಏನು? ಬಂಗನು ಸುಮ್ಮನಿರುವುದಾದರೆ ಬದುಕಿಗೆ ವರ್ಷಾಶನ ಕೊಡಬಹುದು, ರಾಜ್ಯದ ಮಾತು ಮಾತ್ರ ಬೇಡ ಎಂಬ ನಿಲುವಿನಿಂದ ನಾಯಕನು ಕದಲಲಿಲ್ಲ. ಮೆಣಸು ಒಣಗಿದಷ್ಟೂ ಬಾಳುವ ಸರಕು, ಒಂದು ಮಳೆಗಾಲ ಕಣಜದಲ್ಲಿದ್ದರೆ ಕೆಡುವುದಿಲ್ಲ. ಅವಸರ ಬಂದವರಿಗಿತ್ತು, ಇದ್ದವನಿಗಲ್ಲ.

ಹಾಗೆಂದು ಅವನು ಚಕ್ರವರ್ತಿಯೇನಲ್ಲ. ಬಿಜಾಪುರದ ಆದಿಲಶಾಹಿಗೆ ಕಪ್ಪ ಕೊಡುತ್ತಿದ್ದನು. ದೆಲ್ಲಾ ವಾಲೆಯಂತೂ ಇವನು ಅರಸನಲ್ಲ, ಒಡೆಯನು ಬಿದ್ದುದರಿಂದ ಎದ್ದುನಿಂತ ನಾಯಕ ಮಾತ್ರ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಇದರಿಂದ ನಮ್ಮವರು ಸಿಟ್ಟಾಗಬೇಕಾಗಿಲ್ಲ. ಬಡಗಣ ಬಲಿಷ್ಠನಿಗೆ ಹಣ ತೆತ್ತು ಸುಮ್ಮನಿರಿಸಿ, ಪಡುವಣ ಬಲಿಷ್ಠನಿಂದ ಹಣವನ್ನೇ ಕೇಳಿ ಕಾಯಿಸಿದ ಸಣ್ಣ ಅರಸನ ಜಾಣತನ ದೊಡ್ಡ ಚಕ್ರವರ್ತಿಗಳಲ್ಲಿ ಎಷ್ಟು ಜನರಿಗಿದೆ?

ಅರಮನೆಯೊಳಗಿನ ಒಂದು ದುಃಖವನ್ನೂ ಅದೇ ಪತ್ರಗಳು ಹೇಳುತ್ತವೆ. ನಾಯಕನ ಪಟ್ಟದರಸಿ ಭದ್ರಮ್ಮ ಆಗಷ್ಟೇ ತೀರಿಕೊಂಡಿದ್ದಳು. ನಾಯಕನು ಮುಸಲ್ಮಾನ ಹೆಂಗಸೊಬ್ಬಳ ಸಂಗ ಮಾಡಿದನೆಂದು ತಿಳಿದಾಗ ಆಕೆ ಅವನನ್ನು ಬಿಟ್ಟುಹೋಗಲಿಲ್ಲ, ಇನ್ನು ಮುಂದೆ ಹೆಂಡತಿಯಾಗಿರದೆ ಮಗಳಂತೆ ಇರುವೆನೆಂದು ನಿಶ್ಚಯಿಸಿ ಕೊನೆಯವರೆಗೂ ಹಾಗೆಯೇ ನಡೆದಳು. ಆಕೆಯ ಮಾತನ್ನು ನಾಯಕನು ಗೌರವಿಸಿದನು, ಆಕೆ ಸತ್ತಾಗ ಬಹಳ ಮರುಗಿದನು. ದೆಲ್ಲಾ ವಾಲೆ ಇದನ್ನು ಮನಸ್ಸಿಟ್ಟು ಬರೆದಿರುವುದರಲ್ಲಿ ಆಶ್ಚರ್ಯವಿಲ್ಲ. ಪರ್ಷಿಯದಲ್ಲಿ ತೀರಿಕೊಂಡ ತನ್ನ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಆತ ರೋಮಿಗೆ ಒಯ್ಯುತ್ತಿದ್ದ ದಿನಗಳವು.

ನವೆಂಬರು ಕಳೆಯುವ ಮುನ್ನ ದೆಲ್ಲಾ ವಾಲೆ ಇಕ್ಕೇರಿಯಿಂದ ಮಂಗಳೂರಿನ ಕಡೆಗೆ ಇಳಿದನು. ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡನು. ಆಕೆ ಅಂದು ಅರಮನೆಯಲ್ಲಿರದೆ ಹೊಲಗಳಿಗೆ ನೀರು ಹರಿಸುವ ಕಾಲುವೆಯ ಕೆಲಸ ನೋಡಲು ಬಂದಿದ್ದಳು.

ವೆಂಕಟಪ್ಪನಿಗೆ ಆಗಲೇ ವಯಸ್ಸಾಗಿತ್ತು. ಮಗ ಭದ್ರಪ್ಪನು ತಂದೆಗಿಂತ ಮೊದಲೇ ಸತ್ತುದರಿಂದ 1629ರಲ್ಲಿ ಪಟ್ಟ ಮೊಮ್ಮಗ ವೀರಭದ್ರನಿಗೆ ಹೋಯಿತು. ಅಜ್ಜನ ಕಾಲದ ಬಿಗಿ ಮೊಮ್ಮಗನಿಗಿರಲಿಲ್ಲ. ಸಾಮಂತರು ತಿರುಗಿ ಬಿದ್ದರು, 1631ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಯಿತು. 1637ರಲ್ಲಿ ಬಿಜಾಪುರದ ರಣದುಲ್ಲಾಖಾನನು ಇಕ್ಕೇರಿಯನ್ನು ಸೂರೆಮಾಡಿದನು. ರಾಜಧಾನಿ ಬಿದನೂರಿಗೆ ಸರಿಯಿತು. ಮೆಣಸನ್ನು ಕೇಳಿಕೊಂಡು ಡಚ್ಚರೂ ಇಂಗ್ಲಿಷರೂ ಬರಲಾರಂಭಿಸಿದರು. ಶಿವಪ್ಪ ನಾಯಕನು 1650ರ ನಂತರ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಹಿಡಿದನು. ಕಳಸದ ಕಡೆಯ ಹೇರೆತ್ತುಗಳು ಮಾತ್ರ ಅದೇ ಕಣಿವೆಗಳನ್ನು ಇಳಿಯುತ್ತಿದ್ದವು.