ಟಾಟಾ ಇನ್‌ಸ್ಟಿಟ್ಯೂಟ್ ನೋಡದ ಟಾಟಾ

ಮಲ್ಲೇಶ್ವರ, ಯಶವಂತಪುರದ ಕಡೆಯ ಹಳಬರಿಗೆ ಐಐಎಸ್‌ಸಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ವಿಚಿತ್ರ ಏನಂದ್ರೆ, ಆ ಸಂಸ್ಥೆಗೆ ತನ್ನ ಹೆಸರು ಬೇಡ ಅಂದವರು ಸ್ವತಃ ಜಮ್‌ಷೆಡ್‌ಜಿ ಟಾಟಾ. ಇನ್ನೂ ದೊಡ್ಡ ವಿಷಯ ಅಂದ್ರೆ, ಅಲ್ಲಿ ಒಂದು ಗೋಡೆ ಏಳುವುದನ್ನೂ ಅವರು ನೋಡಲಿಲ್ಲ.

ಜಮ್‌ಷೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್ವಾನ್‌ಜಿ ಆ ಕೆಲಸ ಬಿಟ್ಟು ಮುಂಬಯಿಗೆ ಬಂದು ವ್ಯಾಪಾರ ಶುರು ಮಾಡಿದ್ದರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ಹೊರಬಂದ. ನಂತರ ಹಾಂಗ್‌ಕಾಂಗ್, ಇಂಗ್ಲೆಂಡ್ ಸುತ್ತಿ ವ್ಯಾಪಾರ ಕಲಿತ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಹತ್ತಿಯ ಬೆಲೆ ದಿಢೀರನೆ ಬಿತ್ತು, ಮುಂಬಯಿಯ ಎಷ್ಟೋ ವ್ಯಾಪಾರಿಗಳು ಮುಳುಗಿದರು. ಟಾಟಾ ಮನೆಗೂ ದೊಡ್ಡ ಪೆಟ್ಟು ಬಿತ್ತು. ಮೂರು ವರ್ಷ ಬಿಟ್ಟು, 29ನೇ ವಯಸ್ಸಿನಲ್ಲಿ, 21,000 ರೂಪಾಯಿ ಬಂಡವಾಳ ಹಾಕಿ ಜಮ್‌ಷೆಡ್‌ಜಿ ತನ್ನದೇ ಕಂಪನಿ ತೆರೆದರು.

1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಶುರುವಾಯಿತು. ಆಗ ಮಿಲ್ ಅಂದ್ರೆ ಮುಂಬಯಿಯೇ. ಆದರೆ ಇವರು ಹತ್ತಿ ಬೆಳೆಯುವ ಜಾಗಕ್ಕೇ ಮಿಲ್ ತಗೊಂಡು ಹೋದರು. ಹೊಸ ಮಾದರಿಯ ರಿಂಗ್ ಸ್ಪಿಂಡಲ್ ಯಂತ್ರಗಳನ್ನು ತರಿಸಿದರು. ಕಾರ್ಮಿಕರಿಗೆ ಪಿಂಚಣಿ ನಿಧಿ ಮಾಡಿದರು.

ಇಲ್ಲಿಯವರೆಗೆ ಇದು ಒಬ್ಬ ಬುದ್ಧಿವಂತ ವ್ಯಾಪಾರಿಯ ಕಥೆ. 1892ರಿಂದ ಕಥೆ ಬೇರೆ ಆಗುತ್ತೆ. ಆ ವರ್ಷ ಅವರು ಪ್ರತಿಭಾವಂತ ಭಾರತೀಯರನ್ನು ವಿದೇಶದಲ್ಲಿ ಓದಿಸಲು ಒಂದು ನಿಧಿ ಇಟ್ಟರು. ಆದರೆ ಒಬ್ಬೊಬ್ಬರನ್ನೇ ಹಡಗು ಹತ್ತಿಸಿದರೆ ದೇಶಕ್ಕೆ ಎಷ್ಟು ಜನ ವಿಜ್ಞಾನಿಗಳು ಸಿಕ್ಕಾರು? 1857ರಲ್ಲಿ ಶುರುವಾದ ಕಲ್ಕತ್ತಾ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾನಿಲಯಗಳ ಮುಖ್ಯ ಕೆಲಸ ಪರೀಕ್ಷೆ ನಡೆಸಿ ಡಿಗ್ರಿ ಕೊಡುವುದು. ರೂರ್ಕಿಯಂಥ ಎಂಜಿನಿಯರಿಂಗ್ ಕಾಲೇಜುಗಳು ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರ್‌ಗಳನ್ನು ತಯಾರು ಮಾಡುತ್ತಿದ್ದವು. ಡಿಗ್ರಿ ಆದಮೇಲೆ ಲ್ಯಾಬ್‌ನಲ್ಲಿ ಕೂತು ಸಂಶೋಧನೆ ಮಾಡೋಕೆ ಅಂತಲೇ ಕಟ್ಟಿದ ದೊಡ್ಡ ಸಂಸ್ಥೆ ಇರಲಿಲ್ಲ.

ಅದನ್ನು ಕಟ್ಟಲು 1898ರಲ್ಲಿ ಜಮ್‌ಷೆಡ್‌ಜಿ ತಮ್ಮ ಆಸ್ತಿಯ ಸುಮಾರು ಅರ್ಧದಷ್ಟನ್ನು ಕೊಡಲು ಮುಂದಾದರು. ಬೆಲೆ 30 ಲಕ್ಷ ರೂಪಾಯಿ. ಹೆಚ್ಚಿನದು ಮುಂಬಯಿಯ ಕಟ್ಟಡಗಳು, ಜಮೀನು. ಅದರ ಬಾಡಿಗೆಯಿಂದ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ಬರಬೇಕು, ಸಂಸ್ಥೆ ನಡೆಯಬೇಕು ಅನ್ನೋದು ಲೆಕ್ಕ. ಆಪ್ತ ಸಹಾಯಕ ಬುರ್ಜೋರ್ಜಿ ಪಾದಷಾ ಅವರನ್ನು ಯುರೋಪ್, ಅಮೆರಿಕದ ವಿಶ್ವವಿದ್ಯಾನಿಲಯಗಳನ್ನು ನೋಡಿಕೊಂಡು ಬರಲು ಕಳಿಸಿದ್ದರು. ಐದು ವರ್ಷ ಹಿಂದೆ ಜಪಾನಿನಿಂದ ಹೊರಟ ಹಡಗಿನಲ್ಲಿ ಜೊತೆಯಾಗಿದ್ದ ಸ್ವಾಮಿ ವಿವೇಕಾನಂದರಿಗೂ ಪತ್ರ ಬರೆದು ಸಹಾಯ ಕೇಳಿದರು.

1898ರ ಡಿಸೆಂಬರ್ 31ರಂದು ಯೋಜನೆ ಹೊಸ ವೈಸ್‌ರಾಯ್ ಕರ್ಜನ್ ಕೈಗೆ ಹೋಯಿತು. ಕರ್ಜನ್ ಭಾರತಕ್ಕೆ ಬಂದಿಳಿದು ಒಂದು ದಿನ ಆಗಿತ್ತು ಅಷ್ಟೇ. ಅವರಿಗೆ ಎರಡು ಅನುಮಾನ. ಇಷ್ಟು ಮುಂದುವರಿದ ಓದಿಗೆ ವಿದ್ಯಾರ್ಥಿಗಳು ಬರ್ತಾರಾ? ಓದಿ ಹೊರಬಂದವರಿಗೆ ಕೆಲಸ ಎಲ್ಲಿ ಸಿಗುತ್ತೆ? ಎರಡನೇ ಪ್ರಶ್ನೆ ನಮಗೆಲ್ಲ ಚೆನ್ನಾಗಿ ಗೊತ್ತಿರೋದೇ. ಬ್ರಾಂಚ್ ಆರಿಸುವಾಗ ನೆಂಟರೆಲ್ಲ ಕೇಳೋದು ಅದನ್ನೇ. ಆದರೆ ಜಮ್‌ಷೆಡ್‌ಜಿ ಹತ್ತಿರ ಇದಕ್ಕೆ ಉತ್ತರ ಇತ್ತು. ಅದೇ ವರ್ಷಗಳಲ್ಲಿ ಅವರು ಉಕ್ಕಿನ ಕಾರ್ಖಾನೆಗೂ ಜಲವಿದ್ಯುತ್ತಿಗೂ ಓಡಾಡುತ್ತಿದ್ದರು. ಕೆಲಸ ಕೊಡುವ ಕಾರ್ಖಾನೆ, ಕೆಲಸ ಬಲ್ಲ ಜನ, ಎರಡನ್ನೂ ಒಟ್ಟಿಗೇ ಕಟ್ಟಬೇಕು ಅನ್ನೋದು ಅವರ ದಾರಿಯಾಗಿತ್ತು. ಒಂದಕ್ಕಾಗಿ ಇನ್ನೊಂದು ಕಾಯುತ್ತಾ ಕೂತರೆ ಎರಡೂ ಹುಟ್ಟೋದಿಲ್ಲ.

ಸರ್ಕಾರ ಸಮಿತಿ ಮೇಲೆ ಸಮಿತಿ ಮಾಡಿತು. 1900ರಲ್ಲಿ ರಸಾಯನ ವಿಜ್ಞಾನಿ ವಿಲಿಯಂ ರ್‍ಯಾಮ್ಸೆ ದೇಶ ಸುತ್ತಿ, ಬೆಂಗಳೂರು ಸರಿಯಾದ ಜಾಗ ಅಂತ ವರದಿ ಕೊಟ್ಟರು. ಆಮೇಲೆ ಮ್ಯಾಸನ್ ಮತ್ತು ಕ್ಲಿಬಾರ್ನ್ ಸಮಿತಿ ಮತ್ತೆ ಪರಿಶೀಲಿಸಿತು. ಮೊದಲ ಯೋಜನೆಯಲ್ಲಿ ವೈದ್ಯಕೀಯ, ತತ್ತ್ವಶಾಸ್ತ್ರ, ಶಿಕ್ಷಣದ ವಿಭಾಗಗಳೂ ಇದ್ದವು. ಈ ಎಳೆದಾಟದಲ್ಲಿ ಅವೆಲ್ಲ ಬಿದ್ದುಹೋಗಿ ವಿಜ್ಞಾನ, ತಂತ್ರಜ್ಞಾನ ಮಾತ್ರ ಉಳಿಯಿತು.

ಬೇಗ ಕೈಜೋಡಿಸಿದ್ದು ಮೈಸೂರು ಸಂಸ್ಥಾನ. ಆಗ ರಾಜಪ್ರತಿನಿಧಿಯಾಗಿ ಆಳುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ದಿವಾನರು ಕೆ. ಶೇಷಾದ್ರಿ ಅಯ್ಯರ್. ಜಮೀನು ಕೊಡ್ತೀವಿ, ಹಣವನ್ನೂ ಕೊಡ್ತೀವಿ ಅಂತ ಸಂಸ್ಥಾನ ಮುಂದೆ ಬಂತು. ಕೊನೆಗೆ ಸಿಕ್ಕಿದ ಜಾಗ 371 ಎಕರೆ. ಜಮ್‌ಷೆಡ್‌ಜಿಗೆ ಬೆಂಗಳೂರು ಹೊಸದೂ ಆಗಿರಲಿಲ್ಲ. ಜಪಾನಿ ವಿಧಾನದಲ್ಲಿ ರೇಷ್ಮೆ ಬೆಳೆಸಲು ಅವರು ಇಲ್ಲಿ ತೋಟ ಮಾಡಿದ್ದರು. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಉಳಿದಿರೋದು ಅದರಿಂದಲೇ.

ಆದರೆ ಕಾಲ ಕಾಯಲಿಲ್ಲ. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. 1902ರಲ್ಲಿ ವಿವೇಕಾನಂದರು ಹೋದರು. 1904ರ ಮೇ 19ರಂದು ಜರ್ಮನಿಯ ಬಾದ್ ನೌಹೈಮ್‌ನಲ್ಲಿ ಜಮ್‌ಷೆಡ್‌ಜಿಯೂ ತೀರಿಕೊಂಡರು. 65 ವರ್ಷ. ಕೇಳಿದ್ದರಲ್ಲಿ ಮುಂಬಯಿಯ ತಾಜ್ ಹೋಟೆಲ್ ಮಾತ್ರ ಅವರ ಕಣ್ಣೆದುರಿಗೆ ಆಗಿತ್ತು. ಉಕ್ಕು, ವಿದ್ಯುತ್, ಸಂಸ್ಥೆ ಮೂರೂ ಇನ್ನೂ ಕಾಗದದಲ್ಲೇ ಇದ್ದವು.

ಇಲ್ಲಿ ಮಕ್ಕಳ ಮಾತು ಹೇಳಲೇಬೇಕು. ಸರ್ಕಾರ ಆರು ವರ್ಷ ಎಳೆದಾಡಿದ ದಾನ ಅದು. ದೊರಾಬ್‌ಜಿ, ರತನ್‌ಜಿ ಇಬ್ಬರೂ ಅಪ್ಪನ ಮಾತಿನಿಂದ ಹಿಂದೆ ಸರಿಯಲಿಲ್ಲ. 1909ರ ಮೇ 27ರಂದು ಸಂಸ್ಥೆಗೆ ಅಧಿಕೃತ ಆದೇಶ ಬಂತು. ಟಾಟಾ ಕುಟುಂಬ, ಮೈಸೂರು ಸಂಸ್ಥಾನ, ಭಾರತ ಸರ್ಕಾರ ಮೂವರೂ ಸೇರಿ ನಡೆಸುವ ಏರ್ಪಾಡು. 1911ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದರು. ಮೊದಲ ನಿರ್ದೇಶಕರು, ರ್‍ಯಾಮ್ಸೆ ಜೊತೆ ಕೆಲಸ ಮಾಡಿದ್ದ ಮಾರಿಸ್ ಟ್ರಾವರ್ಸ್.

1911ರ ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಬಂದರು. ಆಗ ಇದ್ದದ್ದು ಎರಡೇ ವಿಭಾಗ: ಸಾಮಾನ್ಯ ಮತ್ತು ಅನ್ವಯಿಕ ರಸಾಯನಶಾಸ್ತ್ರ, ಎಲೆಕ್ಟ್ರಿಕಲ್ ಟೆಕ್ನಾಲಜಿ. ಸ್ವಲ್ಪದರಲ್ಲೇ ಸಾವಯವ ರಸಾಯನಶಾಸ್ತ್ರ ಸೇರಿತು. ಶಿವನಸಮುದ್ರದ ಕರೆಂಟ್ ಬೆಂಗಳೂರಿಗೆ ಬಂದು ಆರೇ ವರ್ಷ ಆಗಿದ್ದ ಊರಿನಲ್ಲಿ ಎಲೆಕ್ಟ್ರಿಕಲ್ ವಿಭಾಗ! ಮುಂದೆಯೂ ವಿಭಾಗಗಳು ಹೀಗೇ ಸುತ್ತಲಿನ ಕೆಲಸದ ಜೊತೆ ಬೆಳೆದವು. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು, 1942ರಲ್ಲಿ ಸಂಸ್ಥೆಯಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. 1933ರಲ್ಲಿ ಸಿ. ವಿ. ರಾಮನ್ ಮೊದಲ ಭಾರತೀಯ ನಿರ್ದೇಶಕರಾದರು. 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಸ್ಥಾನ ಸಿಕ್ಕಿತು.

ಕರ್ಜನ್ ಅನುಮಾನ ಆ ಕಾಲಕ್ಕೆ ತಪ್ಪೇನೂ ಅಲ್ಲ. 1898ರಲ್ಲಿ ನಿಜವಾಗಲೂ ವಿದ್ಯಾರ್ಥಿಗಳೂ ಇರಲಿಲ್ಲ, ಕೆಲಸಗಳೂ ಇರಲಿಲ್ಲ. ಅಂಕಿ ಅಂಶ ಇಟ್ಟು ವಾದ ಮಾಡಿದ್ದರೆ ಗೆಲ್ಲುತ್ತಿದ್ದದ್ದು ವೈಸ್‌ರಾಯ್‌ ಅವರೇ. ಜಮ್‌ಷೆಡ್‌ಜಿ ಆ ವಾದಕ್ಕೆ ತಮ್ಮ ಅರ್ಧ ಆಸ್ತಿಯನ್ನು ಎದುರಿಗೆ ಇಟ್ಟರು, ಹೆಸರನ್ನು ಮಾತ್ರ ಕಟ್ಟಡದ ಮೇಲೆ ಇಡಲಿಲ್ಲ. ಆ ಹೆಸರನ್ನು ಇಟ್ಟವರು ಬೆಂಗಳೂರಿನ ಜನ.